‘ಮುಂದೆ ಹೋಗಿ’ ಎನ್ನುವಾಗ ಮುಚ್ಚುವ ಕಣ್ಣು

ಮುಖ ಸೊಟ್ಟಗಾಗಿ ಮುಕ್ಕಾಲು ವಾಸಿಯಾದವರು ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಬರುವುದು ಸಾಮಾನ್ಯವಾಗಿ ಒಂದು ವರ್ಷ ಕಳೆದ ಮೇಲೆ. ಅಷ್ಟು ಹೊತ್ತಿಗೆ ಮನೆಯವರು ‘ಈಗ ಸರಿ ಹೋಯ್ತಲ್ಲ, ಇನ್ನೇನು?’ ಅನ್ನಲು ಶುರು ಮಾಡಿರುತ್ತಾರೆ. ಇವರೊಬ್ಬರೇ ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತಿರುತ್ತಾರೆ. ಎರಡು ವರ್ಷದಲ್ಲಿ ಇಂಥವರು ನಾಲ್ಕು ಜನ ಬಂದರು. ನಾಲ್ಕನೆಯವರ ವಿಷಯದಲ್ಲಿ ನಾನೇ ಎಡವಿದೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಅವರ ಒಪ್ಪಿಗೆಯೂ ಇದೆ.

ನಲವತ್ತು ದಾಟಿದ ಬಸ್ ಕಂಡಕ್ಟರ್. ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ಸೋರಿತು, ಎಡಗಣ್ಣು ಮುಚ್ಚಲಿಲ್ಲ. ಕಿಟಕಿ ಗಾಳಿ ಹೊಡೆದಿದೆ ಎಂದು ಮನೆಯವರು ಊರಿಗೆ ಕರೆದುಕೊಂಡು ಹೋಗಿ ನಾಟಿ ಔಷಧಿ ಕೊಡಿಸಿದರು. ಆಸ್ಪತ್ರೆಗೆ ಹೋದದ್ದು ಆರನೇ ದಿನ. ಬೆಲ್ಸ್ ಪಾಲ್ಸಿ, ಅಂದರೆ ಮುಖದ ಒಂದು ಬದಿಯ ನರ ಸೋತಿದೆ ಎಂದರು. (‘ನಾವು ಬೆಲ್ ಹೊಡೆಯೋದಕ್ಕೂ ಇದಕ್ಕೂ ಏನಾದ್ರೂ ಸಂಬಂಧ ಇದೆಯಾ ಮೇಡಂ?’ ಎಂದು ನಿಜವಾಗಿಯೂ ಕೇಳಿದ್ದರು. ಇಲ್ಲ, ಚಾರ್ಲ್ಸ್ ಬೆಲ್ ಎನ್ನುವ ಸ್ಕಾಟ್ಲೆಂಡಿನ ವೈದ್ಯರ ಹೆಸರು ಅದು.) ನಾಲ್ಕು ತಿಂಗಳ ಮೇಲೆ ಮುಖ ಆಡತೊಡಗಿತು. ನನ್ನ ಬಳಿ ಬರುವಾಗ ಹದಿನಾಲ್ಕು ತಿಂಗಳಾಗಿತ್ತು. ಡ್ಯೂಟಿಯಲ್ಲಿ ಮಾಸ್ಕ್, ಮನೆಯಲ್ಲೂ ಮಾಸ್ಕ್. ನೆಂಟರ ಮದುವೆಗಳಿಗೆ ಹೋಗುವುದನ್ನೇ ಬಿಟ್ಟಿದ್ದರು.

ಮೊದಲೆರಡು ಸಲ ನಾನು ಮಾಡಿದ್ದು ಬರೀ ಸಮಾಧಾನ. ಮೂರನೇ ಸಲ ಮಾಸ್ಕ್ ತೆಗೆಸಿ ಕೂರಿಸಿಕೊಂಡೆ. ‘ನಿಮಗೆ ಅನಿಸುವಷ್ಟು ಯಾರೂ ಗಮನಿಸಲ್ಲ ಬಿಡಿ. ಬೆಂಗಳೂರಲ್ಲಿ ಯಾರಿಗೆ ಪುರುಸೊತ್ತಿದೆ?’ ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಮೇಡಂ, ಬೇಜಾರು ಮಾಡ್ಕೋಬೇಡಿ. ಇದನ್ನ ಹೇಳುವಾಗ ನೀವು ನನ್ನ ಎಡಗಣ್ಣನ್ನೇ ನೋಡ್ತಿದ್ರಿ.’

ನೋಡುತ್ತಿದ್ದೆ, ಸುಳ್ಳಲ್ಲ. ಅವರು ಮಾತಾಡಿದಾಗಲೆಲ್ಲ ಆ ಕಣ್ಣು ಕಿರಿದಾಗುತ್ತಿತ್ತು, ನನ್ನ ನೋಟ ಅಲ್ಲಿಗೇ ಹೋಗುತ್ತಿತ್ತು. ತಪ್ಪಾಯಿತು ಎಂದೆ. ಅದರ ಮೇಲೆಯೇ ಅವರು ಬಸ್ಸಿನ ಕಥೆ ಹೇಳಿದ್ದು.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಶೂನ್ಯ ಟಿಕೆಟ್. ಆಧಾರ್ ನೋಡಬೇಕು, ಮುಖ ನೋಡಬೇಕು, ಟಿಕೆಟ್ ಕೊಡಬೇಕು. ಬಾಗಿಲ ಹತ್ತಿರ ನಿಂತವರಿಗೆ ‘ಮುಂದೆ ಹೋಗಿ’ ಎನ್ನಬೇಕು. ಕಂಡಕ್ಟರ್ ದಿನಕ್ಕೆ ನೂರಾರು ಸಲ ಹೇಳುವ ಮಾತು ಅದು. ‘ಮು’ ಅನ್ನಲು ತುಟಿ ಮುಂದೆ ಬರುತ್ತದೆ, ‘ಹೋ’ ಅನ್ನಲು ಮತ್ತೆ ದುಂಡಗಾಗುತ್ತದೆ. ಇವರಿಗೆ ಎರಡೂ ಸಲ ಎಡಗಣ್ಣು ಮುಚ್ಚಿಕೊಳ್ಳುತ್ತದೆ. ಕಾಲೇಜು ಹುಡುಗಿಯೊಬ್ಬಳು ಬಸ್ ತುಂಬ ಕೇಳುವಂತೆ ‘ಕಣ್ಣು ಹೊಡೀತೀಯಾ? ನಾಚಿಕೆ ಆಗಲ್ವಾ?’ ಎಂದಿದ್ದಳು. ಹಿಂದಿನ ಸೀಟಿನವನು ಫೋನ್ ತೆಗೆದು ವಿಡಿಯೊ ಮಾಡಲು ಶುರು ಮಾಡಿದ.

‘ಏನು ಹೇಳಲಿ ಮೇಡಂ? ಅವಳ ವಯಸ್ಸಿನ ಮಗಳಿದ್ದಾಳೆ ನನಗೆ.’ ಆಮೇಲೆ ನನ್ನ ಎದುರಿಗೇ ಮೆಲ್ಲಗೆ ‘ಮುಂದೆ ಹೋಗಿ’ ಎಂದು ತೋರಿಸಿದರು. ಕಣ್ಣು ಎರಡು ಸಲ ಮುಚ್ಚಿತು. ಥೇಟ್ ಕಣ್ಣು ಹೊಡೆದ ಹಾಗೆಯೇ. ಆ ಹುಡುಗಿಯ ಜಾಗದಲ್ಲಿ ನಾನಿದ್ದರೂ ಬೈಯುತ್ತಿದ್ದೆ. ಅದನ್ನೂ ಹೇಳಿದೆ.

‘ಸದ್ಯ, ನೀವಾದ್ರೂ ನಿಜ ಹೇಳಿದ್ರಲ್ಲ’ ಎಂದರು.

ಅವತ್ತು ಸಮಾಧಾನ ಪಕ್ಕಕ್ಕಿಟ್ಟು ನರದ ವಿಷಯ ಮಾತಾಡಿದೆವು. ಮುಖದ ನರ ಕಿವಿಯ ಹಿಂದಿನ ಮೂಳೆಯಲ್ಲಿ ಕಿರಿದಾದ ದಾರಿಯಲ್ಲಿ ಹಾದು ಬರುತ್ತದೆ. ಊದಿಕೊಂಡರೆ ಅಲ್ಲೇ ಅದುಮಿಹೋಗುತ್ತದೆ. ಪೆಟ್ಟು ಜೋರಾಗಿದ್ದರೆ ಎಳೆಗಳು ಮತ್ತೆ ಬೆಳೆದು ಬರಬೇಕು, ದಿನಕ್ಕೆ ಸುಮಾರು 1 ಮಿಲಿಮೀಟರ್. ಬರುವಾಗ ಕೆಲವು ದಾರಿ ತಪ್ಪುತ್ತವೆ. ಬಾಯಿಗೆ ಹೋಗಬೇಕಾದದ್ದು ಕಣ್ಣಿಗೆ ಹೋಗಿ ಸೇರುತ್ತದೆ. ‘ಮೆಜೆಸ್ಟಿಕ್ ಬೋರ್ಡ್ ಹಾಕ್ಕೊಂಡು ಬನಶಂಕರಿಗೆ ಹೋದ ಹಾಗೆ’ ಎಂದರು. ಇದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುವುದಿಲ್ಲ. ಊಟಕ್ಕೆ ಕೂತಾಗ ಎಡಗಣ್ಣಲ್ಲಿ ನೀರು ಸುರಿಯುವುದೂ ಇದೇ ಕಾರಣಕ್ಕೆ, ಜೊಲ್ಲಿಗೆ ಹೋಗಬೇಕಾದ ಎಳೆ ಕಣ್ಣೀರಿಗೆ ಸೇರಿಕೊಂಡಿರುತ್ತದೆ. ಮುದ್ದೆ ಮುರಿದು ಬಾಯಿಗಿಟ್ಟರೆ ಸಾಕು, ಮಗ ಅಳುತ್ತಿದ್ದಾನೆ ಎಂದು ಅವರ ತಾಯಿ ತಾವೂ ಅಳುತ್ತಿದ್ದರಂತೆ.

ನಾನು ಕೊಟ್ಟ ಸಲಹೆ ಹೀಗಿತ್ತು. ‘ಯಾವಾಗ ಮೊದಲಿನ ಹಾಗೆ ಆಗುತ್ತೆ’ ಎನ್ನುವ ಪ್ರಶ್ನೆಯನ್ನು ಆರು ತಿಂಗಳು ಬದಿಗಿಡಿ. ದಿನಾ ಇನ್ನೂರು ಸಲ ಬಲೂನ್ ಊದುವುದು, ಮುಖಕ್ಕೆ ಕರೆಂಟ್ ಕೊಡಿಸುವುದು ಸದ್ಯಕ್ಕೆ ನಿಲ್ಲಿಸಿ, ನರದ ಡಾಕ್ಟರನ್ನು ಕೇಳಿ. ನಿಮ್ಹಾನ್ಸ್‌ಗೆ ಹೋಗಿ ಎಂದಾಗ ‘ನನಗೇನು ಹುಚ್ಚಾ?’ ಎಂದು ಮುಖ ಗಂಟಿಕ್ಕಿದರು. ಅಲ್ಲಿ ನರರೋಗ ವಿಭಾಗವೂ ಇದೆ ಎಂದು ಹೇಳಿ ಕಳಿಸಿದೆ. ಜೋರಾದ ಕಸರತ್ತು ಬೇಡ ಎಂದೇ ಅಲ್ಲಿಯೂ ಹೇಳಿದರು. ಹೀಗೆ ತಪ್ಪು ಜೋಡಣೆ ಆದಾಗ ಬಲವಂತ ಮಾಡಿದಷ್ಟೂ ಬಾಯಿ, ಕಣ್ಣು ಒಟ್ಟಿಗೇ ಎಳೆಯುವುದು ಗಟ್ಟಿಯಾಗಬಹುದು. ಅದರ ಬದಲು ಕನ್ನಡಿ ಮುಂದೆ, ಕಣ್ಣು ತೆರೆದೇ ಇಟ್ಟುಕೊಂಡು, ತುಟಿಯನ್ನು ಎಷ್ಟು ಬೇಕೋ ಅಷ್ಟೇ ನಿಧಾನವಾಗಿ ಮುಂದೆ ತರುವುದು. ಸಾಲದಿದ್ದರೆ ಸ್ನಾಯುವನ್ನು ಸಡಿಲಿಸುವ ಬೊಟಾಕ್ಸ್ ಇಂಜೆಕ್ಷನ್ ಇದೆ. ಅದರ ಪರಿಣಾಮ ಕೆಲವು ತಿಂಗಳು ಮಾತ್ರ, ಮತ್ತೆ ಹಾಕಿಸಬೇಕು.

ಇನ್ನೊಂದು, ಬಸ್ಸಿನಲ್ಲಿ ಹೇಳಲು ಒಂದೇ ವಾಕ್ಯ. ಮೂರು ಸಲ ತಿದ್ದಿದೆವು. ‘ನರದ ತೊಂದರೆ ಅಮ್ಮಾ, ಕಣ್ಣು ತಾನಾಗೇ ಮುಚ್ಚುತ್ತೆ. ಎಲ್ಲಿಗೆ?’ ಕ್ಷಮೆ ಕೇಳುವುದು ಬೇಡ, ಆಸ್ಪತ್ರೆ ಚೀಟಿ ತೋರಿಸುವುದೂ ಬೇಡ. ಕೊನೆಯ ‘ಎಲ್ಲಿಗೆ?’ ಅವರೇ ಸೇರಿಸಿದ್ದು.

ನನ್ನ ಸಹೋದ್ಯೋಗಿಯೊಬ್ಬರಿಗೆ ಇದು ಹಿಡಿಸಲಿಲ್ಲ. ‘ಪಾಪದ ಮನುಷ್ಯನ ಆಸೆಯನ್ನೇ ಕಿತ್ತುಕೊಂಡಿರಿ’ ಎಂದರು. ಇರಬಹುದು. ಆದರೆ ಇದೇ ತೊಂದರೆಯವರು ಬಲೂನ್ ಊದುತ್ತಾ ವರ್ಷಗಳನ್ನು ಕಳೆದದ್ದನ್ನು ನೋಡಿದ್ದೇನೆ. ಅವರಿಗೆ ಪ್ರತಿ ಬೆಳಿಗ್ಗೆಯೂ ಫೇಲಾದ ರಿಸಲ್ಟೇ. ಹದಿನಾಲ್ಕು ತಿಂಗಳಾದ ಮೇಲೂ ‘ಸರಿ ಹೋಗುತ್ತೆ ಬಿಡಿ’ ಎನ್ನುವುದು ನಮಗೆ ಸುಲಭ, ಅವರಿಗೆ ಅಲ್ಲ.

ಆರನೇ ದಿನದವರೆಗೆ ತಡಮಾಡಿದ್ದು ಅವರನ್ನು ಜಾಸ್ತಿ ಕೊರೆಯುತ್ತಿತ್ತು. ಊತ ಇಳಿಸುವ ಸ್ಟೀರಾಯ್ಡ್ ಮಾತ್ರೆ 72 ಗಂಟೆಯೊಳಗೆ ಶುರುವಾದರೆ ಪೂರ್ತಿ ವಾಸಿಯಾಗುವ ಸಾಧ್ಯತೆ ಹೆಚ್ಚುತ್ತದೆ, ಅದು ನಿಜ. ಆದರೆ ಯಾವ ಔಷಧಿಯೂ ಇಲ್ಲದೆ ಹತ್ತರಲ್ಲಿ ಸುಮಾರು ಏಳು ಜನ ವಾಸಿಯಾಗುತ್ತಾರೆ, ಮಾತ್ರೆ ನುಂಗಿಯೂ ಕೆಲವರು ಆಗುವುದಿಲ್ಲ. ‘ಅವತ್ತೇ ಹೋಗಿದ್ದರೆ’ ಎನ್ನುವ ಲೆಕ್ಕಕ್ಕೆ ಉತ್ತರ ಸಿಗುವುದಿಲ್ಲ ಎಂದೆ. ಓದುವವರಿಗೆ ಮಾತ್ರ ಬೇರೆ ಮಾತು: ಮುಖ ಸೊಟ್ಟಗಾದರೆ ಊರಿಗೆ ಬಸ್ ಹತ್ತಬೇಡಿ. ಅದು ಸ್ಟ್ರೋಕ್ ಕೂಡ ಆಗಿರಬಹುದು, ಯಾವುದು ಎಂದು ಡಾಕ್ಟರು ನೋಡಿ ಹೇಳಲಿ. ಮುಚ್ಚದ ಕಣ್ಣು ಒಣಗದಂತೆ ಹನಿ ಹಾಕಿಸಿ, ರಾತ್ರಿ ಟೇಪ್ ಹಚ್ಚಿ ಮುಚ್ಚಿ.

ಕಳೆದ ತಿಂಗಳು ಬಂದಿದ್ದರು. ಕಣ್ಣು ಮುಚ್ಚುವುದು ಸ್ವಲ್ಪ ಕಡಿಮೆಯಾಗಿದೆ, ಹೋಗಿಲ್ಲ. ಮನೆಯಲ್ಲಿ ಮಾಸ್ಕ್ ಇಲ್ಲ, ಬಸ್ಸಿನಲ್ಲಿ ಒಂದೊಂದು ದಿನ ಇರುತ್ತದೆ. ಆ ವಾಕ್ಯವನ್ನು ಎಲ್ಲರೂ ನಂಬುವುದಿಲ್ಲವಂತೆ. ಒಬ್ಬರು ಅಜ್ಜಿ ಮಾತ್ರ ಎಲ್ಲಿಗೆ ಅಂತ ಹೇಳುವುದನ್ನೇ ಮರೆತು, ಇಳಿಯುವ ತನಕ ತಮ್ಮ ಮಂಡಿನೋವಿನ ಕಥೆ ಹೇಳಿದರಂತೆ. ‘ಮುಂದೆ ಹೋಗಿ’ ಎನ್ನುವಾಗ ಈಗಲೂ ಮುಖ ಕಿಟಕಿ ಕಡೆ ತಿರುಗಿಸುತ್ತಾರಂತೆ. ಅದನ್ನು ನಿಲ್ಲಿಸಿ ಎಂದು ನಾನೂ ಹೇಳಲಿಲ್ಲ.