ಕೀಮೋ ನಡುವೆ ಬೆರಳು ಜುಮ್ಮೆಂದರೆ ಮುಚ್ಚಿಡಬೇಡಿ

ಪ್ರಶ್ನೆ: ಅಮ್ಮನಿಗೆ 58 ವರ್ಷ, ಸ್ತನ ಕ್ಯಾನ್ಸರ್. ಶುಗರ್ ಕೂಡ ಇದೆ. ವಾರಕ್ಕೊಂದರಂತೆ ಪ್ಯಾಕ್ಲಿಟ್ಯಾಕ್ಸೆಲ್ ಅನ್ನುವ ಕೀಮೋ ಔಷಧಿಯ 12 ಡ್ರಿಪ್ ಹೇಳಿದ್ದಾರೆ, 5 ಮುಗಿದಿವೆ. ಈಗ ಬೆರಳ ತುದಿ, ಅಂಗಾಲು ಜುಮುಜುಮು ಅನ್ನುತ್ತವಂತೆ. ಡಾಕ್ಟರಿಗೆ ಹೇಳಿದರೆ ಔಷಧಿ ಕಡಿಮೆ ಮಾಡಿಬಿಡುತ್ತಾರೆ ಅಂತ ಹೆದರಿ ಬಾಯಿ ಬಿಡುತ್ತಿಲ್ಲ. ನೆಂಟರೊಬ್ಬರು ನರದ ಮಾತ್ರೆ ತಂದುಕೊಟ್ಟಿದ್ದಾರೆ, ಕೊಡಬಹುದಾ? ಐಸ್ ಗ್ಲೌಸ್ ಹಾಕಿದರೆ ನರ ಉಳಿಯುತ್ತದೆ ಅನ್ನುತ್ತಾರಲ್ಲ, ನಿಜವಾ?
– ಒಬ್ಬ ಮಗಳು, ದಾವಣಗೆರೆ

ಉತ್ತರ: ಆರನೇ ಡ್ರಿಪ್ ಏರಿಸುವ ಮೊದಲೇ ಡಾಕ್ಟರಿಗೆ ಹೇಳಿ. ಅಮ್ಮ ಹೇಳದಿದ್ದರೆ ನೀವೇ ಹೇಳಿ.

ನರದ ಒಳಗೆ ಸಾಮಾನು ಸಾಗಿಸುವ ಸಣ್ಣ ಕೊಳವೆಗಳಿರುತ್ತವೆ. ಪ್ಯಾಕ್ಲಿಟ್ಯಾಕ್ಸೆಲ್ ಕ್ಯಾನ್ಸರ್ ಕೋಶದಲ್ಲಿ ಕೆಡಿಸುವುದು ಅಂಥ ಕೊಳವೆಗಳನ್ನೇ, ಹಾಗಾಗಿ ನರಕ್ಕೂ ಪೆಟ್ಟು ಬೀಳುತ್ತದೆ. ಉದ್ದದ ನರಗಳು ಮೊದಲು ಸೋಲುವುದರಿಂದ ತೊಂದರೆ ಶುರುವಾಗುವುದು ಕಾಲ್ಬೆರಳು, ಕೈಬೆರಳ ತುದಿಯಲ್ಲಿ. ಶುಗರ್ ಇರುವವರಿಗೆ ಅಪಾಯ ಜಾಸ್ತಿ.

"ಜುಮುಜುಮು" ಅಂದಷ್ಟೇ ಹೇಳಿದರೆ ಡಾಕ್ಟರಿಗೆ ಅಂದಾಜು ಸಿಗುವುದಿಲ್ಲ. ರವಿಕೆಯ ಹುಕ್ಕು ಹಾಕಲು ಆಗುತ್ತಿದೆಯಾ, ಲೋಟ ಕೈಜಾರುತ್ತಿದೆಯಾ, ನಡೆಯುವಾಗ ಚಪ್ಪಲಿ ಕಳಚಿ ಹಿಂದೆ ಉಳಿದರೂ ಗೊತ್ತಾಗುತ್ತಿಲ್ಲವಾ, ಇದನ್ನೆಲ್ಲ ಪ್ರತಿ ವಾರ ಗಮನಿಸಿ ಬರೆದಿಡಿ. ಅದನ್ನು ನೋಡಿ ಅವರು ಒಂದು ವಾರ ತಡ ಮಾಡಬಹುದು, ಡೋಸ್ ಸ್ವಲ್ಪ ಇಳಿಸಬಹುದು, ಔಷಧಿಯನ್ನೇ ಬದಲಿಸಬಹುದು. ಇದು ಚಿಕಿತ್ಸೆ ಬಿಟ್ಟಂತೆ ಅಲ್ಲ, ಅಮ್ಮನಿಗೆ ಹಾಗೇ ಬಿಡಿಸಿ ಹೇಳಿ. ನರ ಉಳಿಸಲು ನಮ್ಮ ಕೈಯಲ್ಲಿರುವ ಗಟ್ಟಿ ಉಪಾಯ ಸದ್ಯಕ್ಕೆ ಇದೇ.

ಮಾತ್ರೆ ಕೊಡಬೇಡಿ. ಕೀಮೋದಿಂದ ನರ ಹಾಳಾಗದಂತೆ ತಡೆಯುತ್ತದೆ ಎಂದು ಸಾಬೀತಾದ ಮಾತ್ರೆ ಒಂದೂ ಇಲ್ಲ. ಇಂಥ ಮಾತ್ರೆಗಳಲ್ಲಿ ಬೆರೆಸುವ ಅಸಿಟೈಲ್ ಎಲ್ ಕಾರ್ನಿಟೈನ್ ಅನ್ನು ಅಮೆರಿಕದಲ್ಲಿ ಇದೇ ಗುಂಪಿನ ಕೀಮೋ ಪಡೆಯುತ್ತಿದ್ದ ಸ್ತನ ಕ್ಯಾನ್ಸರ್ ಹೆಂಗಸರಿಗೆ ಕೊಟ್ಟು ನೋಡಿದರು. 2013ರಲ್ಲಿ ಫಲಿತಾಂಶ ಬಂತು, ತೊಂದರೆ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು! ವಿಟಮಿನ್ ಬಿ6 ಕೂಡ ಅತಿಯಾದರೆ ತಾನೇ ನರ ಕೆಡಿಸುತ್ತದೆ. ಬಿ12 ಕಡಿಮೆ ಇದೆಯಾ ಅಂತ ರಕ್ತ ಪರೀಕ್ಷೆ ಮಾಡಿಸಿ, ಇದ್ದರೆ ಮಾತ್ರ ತೆಗೆದುಕೊಳ್ಳಲಿ.

ಐಸ್ ಗ್ಲೌಸ್ ಮಾತಿನಲ್ಲಿ ಹುರುಳಿದೆ. ಜಪಾನಿನ ಕ್ಯೋಟೋದಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಪಡೆಯುವವರ ಒಂದು ಕೈ, ಒಂದು ಕಾಲಿಗೆ ಮಾತ್ರ ತಣ್ಣನೆಯ ಗ್ಲೌಸ್, ಸಾಕ್ಸ್ ಹಾಕಿದರು. ಡ್ರಿಪ್‌ಗೆ 15 ನಿಮಿಷ ಮುಂಚಿನಿಂದ ಮುಗಿದ 15 ನಿಮಿಷದವರೆಗೆ. ಆ ಕಡೆ ಜೋಮು ಕಡಿಮೆ ಇತ್ತು. ಬಿಗಿಯಾದ ಸರ್ಜಿಕಲ್ ಗ್ಲೌಸ್‌ನಿಂದಲೂ ಲಾಭ ಕಂಡಿದೆ. ಎಲ್ಲರಿಗೂ ಫಲಿಸುತ್ತದೆ ಅನ್ನಲಾರೆ, ಆಸ್ಪತ್ರೆಯಲ್ಲಿ ಕೇಳಿ ನೋಡಿ. ಮನೆಯ ಐಸ್ ತುಂಡನ್ನು ನೇರವಾಗಿ ಚರ್ಮಕ್ಕೆ ಇಡಬೇಡಿ, ಚರ್ಮ ಸುಟ್ಟಂತಾಗುತ್ತದೆ. ಇನ್ನೊಂದು ಮಾತು, ಇದನ್ನು ಓದುತ್ತಿರುವವರ ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್‌ಗೆ ಆಕ್ಸಾಲಿಪ್ಲಾಟಿನ್ ನಡೆಯುತ್ತಿದ್ದರೆ ಈ ಐಸ್ ಸಹವಾಸ ಬೇಡ. ಆ ಔಷಧಿ ಪಡೆಯುವವರಿಗೆ ಫ್ರಿಜ್ ನೀರು ತಾಗಿದರೂ ಬೆರಳು, ಗಂಟಲು ಚುಚ್ಚುತ್ತವೆ.

ಶುಗರ್ ಹತೋಟಿಯಲ್ಲಿಡಿ, ಆಗುವಷ್ಟು ನಡೆಯಲಿ. ಸ್ನಾನದ ನೀರನ್ನು ಅಮ್ಮ ಮುಟ್ಟಿ ನೋಡುವುದು ಬೇಡ, ನೀವೇ ನೋಡಿ. ಜೋಮು ಹಿಡಿದ ಬೆರಳಿಗೆ ಬಿಸಿ ತಿಳಿಯುವುದಿಲ್ಲ.