ಸಂಪಾದಕರ ಉತ್ತರ: ಬಚ್ಚಲಿನಿಂದ ಹೊರಬಂದ ಮೇಲೆ

ಓದುಗರ ಪತ್ರ: ಕಳೆದ ಸಂಚಿಕೆಯ ‘ಯಹೂದಿಗಳ ದಿನಚರಿ’ ಬರಹದಲ್ಲಿ, ಅವರು ಶೌಚ ಮುಗಿಸಿ ಬಂದಾಗಲೂ ಒಂದು ಪ್ರಾರ್ಥನೆ ಹೇಳುತ್ತಾರೆ ಎಂದು ಬರೆದಿದ್ದೀರಿ. ಮಡಿ ಮೈಲಿಗೆಯ ಮನೆಯಲ್ಲಿ ಬೆಳೆದ ನನಗೆ ನಂಬಲಾಗಲಿಲ್ಲ. ನಿಜವೇ? ಇನ್ನೊಂದು ಮಾತು. ಮೂವತ್ತೆರಡು ವರ್ಷ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟವನು ನಾನು. ‘ದೇಹ ಇಷ್ಟು ಅದ್ಭುತವಾಗಿದೆ, ಆದ್ದರಿಂದ ದೇವರಿದ್ದಾನೆ’ ಎಂಬ ಹಳಸಲು ವಾದವನ್ನು ಡಾರ್ವಿನ್ ಬಂದು ಹೋದ ಮೇಲೂ ಅಚ್ಚು ಹಾಕಬೇಕೆ?

ಉತ್ತರ: ಮೇಷ್ಟ್ರೇ, ನಿಮ್ಮ ಕಾಗದ ಮೂರು ಹಾಳೆ ಇತ್ತು. ಜಾಗವಿಲ್ಲದೆ ಎರಡು ಪ್ರಶ್ನೆಗೆ ಇಳಿಸಿದ್ದೇವೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲನೆಯದಕ್ಕೆ: ನಿಜ. ಆ ಪ್ರಾರ್ಥನೆಯ ಹೆಸರು ‘ಆಶೆರ್ ಯಾತ್ಸರ್’, ಅಂದರೆ ‘ರೂಪಿಸಿದವನು’. ಒಳಗೆ ಹೇಳುವಂತಿಲ್ಲ, ಹೊರಬಂದು, ಕೈ ತೊಳೆದು ಹೇಳಬೇಕು. ಹಾಗಾಗಿ ಎಷ್ಟೋ ಯಹೂದಿ ಮನೆಗಳಲ್ಲಿ ಬಚ್ಚಲ ಬಾಗಿಲಿನ ಹೊರಗೋಡೆಯ ಮೇಲೆ ಅದನ್ನು ಬರೆದು ತೂಗುಹಾಕಿರುತ್ತಾರೆ. ನಿಮ್ಮ ಮಡಿ ಅಲ್ಲೂ ಇದೆ, ಬಾಗಿಲಿನಿಂದ ಒಂದಡಿ ಈಚೆಗೆ.

ಅದರ ಸಾರ ಇಷ್ಟು: ಮನುಷ್ಯನನ್ನು ಜಾಣ್ಮೆಯಿಂದ ರೂಪಿಸಿ, ಅವನೊಳಗೆ ತೂತು ತೂತುಗಳನ್ನೂ ಪೊಳ್ಳು ಪೊಳ್ಳುಗಳನ್ನೂ ಮಾಡಿದವನೇ, ಇವುಗಳಲ್ಲಿ ಒಂದು ತೆರೆದುಕೊಂಡರೂ ಒಂದು ಕಟ್ಟಿಕೊಂಡರೂ ನಿನ್ನೆದುರು ನಾವು ನಿಂತಿರಲಾರೆವು ಎಂಬುದು ನಿನಗೆ ಗೊತ್ತು. ಯಹೂದಿ ಗುರುಗಳ ಚರ್ಚೆಗಳ ಸಂಗ್ರಹವಾದ ತಾಲ್ಮುದ್ ಇದನ್ನು ಅಬಾಯೆ ಎಂಬ ಗುರುವಿನ ಹೆಸರಲ್ಲಿ ಕೊಡುತ್ತದೆ. 4ನೇ ಶತಮಾನ, ಇಂದಿನ ಇರಾಕಿನ ನೆಲ.

ಕೊನೆಯ ಸಾಲು ಹೇಗಿರಬೇಕು ಎಂಬುದರ ಬಗ್ಗೆ ಅದೇ ಪುಟದಲ್ಲಿ ಒಂದು ಜಗಳವಿದೆ. ‘ರೋಗಿಗಳನ್ನು ಗುಣಪಡಿಸುವವನೇ’ ಎಂದು ಮುಗಿಸಬೇಕು ಅಂದರು ರಾವ್ ಎಂಬ ಗುರು. ‘ಲೋಕದವರನ್ನೆಲ್ಲ ರೋಗಿಗಳನ್ನಾಗಿ ಮಾಡಿಬಿಟ್ಟರಲ್ಲ ಇವರು!’ ಎಂದು ಶ್ಮುಯೆಲ್ ತಕರಾರು ತೆಗೆದರು. ‘ಸಕಲ ಶರೀರವನ್ನು ಗುಣಪಡಿಸುವವನೇ’ ಎಂಬುದು ಅವರ ತಿದ್ದುಪಡಿ. ‘ಅಚ್ಚರಿ ಎಸಗುವವನೇ’ ಸಾಕು ಅಂದರು ರಾವ್ ಶೇಶೆತ್. ಕೊನೆಗೆ ರಾವ್ ಪಾಪಾ ಎನ್ನುವವರು ಈ ಕೊನೆಯ ಎರಡನ್ನೂ ಸೇರಿಸಿಯೇ ಹೇಳಿಬಿಡೋಣ ಎಂದು ಪಂಚಾಯ್ತಿ ಮುಗಿಸಿದರು. ಇಂದಿಗೂ ಹಾಗೇ ಹೇಳುತ್ತಾರೆ. ಅಚ್ಚರಿ ಯಾವುದು ಎಂದು ವಿವರಿಸಿದವರು 11ನೇ ಶತಮಾನದ ಫ್ರಾನ್ಸಿನ ‘ರಾಶಿ’ ಎಂಬ ವ್ಯಾಖ್ಯಾನಕಾರರು. ತೊಗಲ ಚೀಲಕ್ಕೆ ಒಂದು ತೂತಾದರೂ ಗಾಳಿ ನಿಲ್ಲದು. ಈ ದೇಹಕ್ಕೆ ಇಷ್ಟು ತೂತು, ಆದರೂ ಉಸಿರು ಒಳಗೇ ನಿಂತಿದೆಯಲ್ಲ!

ನಮ್ಮ ದಾಸರೂ ತತ್ತ್ವಪದದವರೂ ಒಂಬತ್ತು ತೂತಿನ ದೇಹವನ್ನು ಹಾಡಿದ್ದು ಬಹುಪಾಲು ಹೇಸಿಗೆ ಹುಟ್ಟಿಸಿ ವೈರಾಗ್ಯ ತರಲಿಕ್ಕೆ. ಇವರು ಅದೇ ತೂತುಗಳನ್ನು ಹಿಡಿದು ಉಪಕಾರ ಸ್ಮರಿಸುತ್ತಾರೆ.

ಎರಡನೆಯ ಪ್ರಶ್ನೆಗೆ ಬರುತ್ತೇನೆ. ನೀವು ಹೇಳಿದ ವಾದ ಯಹೂದಿಗಳಲ್ಲಿ ಇಲ್ಲವೇ ಇಲ್ಲ ಎಂದರೆ ಸುಳ್ಳಾದೀತು. 11ನೇ ಶತಮಾನದ ಸ್ಪೇನಿನ ಬಹ್ಯಾ ಇಬ್ನ್ ಪಕೂದಾ ದೇಹದ ಅಂಗಾಂಗಗಳನ್ನು ಒಂದೊಂದಾಗಿ ತೋರಿಸಿ, ಸೃಷ್ಟಿಕರ್ತನ ಜಾಣ್ಮೆಗೆ ಸಾಕ್ಷಿ ಎಂದು ಮುಂದಿಟ್ಟವರೇ. ಅಲ್ಲಿ ನಿಮ್ಮ ಕೆಂಪು ಶಾಯಿ ಓಡಲಿ, ಅಡ್ಡಿಯಿಲ್ಲ. ಎಣಿಕೆ ಎಡವಿದ ಕತೆಯೂ ಇದೆ. ತಾಲ್ಮುದಿಗೆ ತಳಹದಿಯಾದ ಮಿಶ್ನಾದ ಪ್ರಕಾರ ಮನುಷ್ಯನಿಗೆ 248 ಅಂಗ. ಅದಕ್ಕೆ 365 ನರ ಸೇರಿಸಿದರೆ 613, ಯಹೂದಿಗಳ ಮೂಲ ಧರ್ಮಗ್ರಂಥ ತೋರಾದ ಆಜ್ಞೆಗಳ ಸಂಖ್ಯೆ! ರಬ್ಬಿ ಇಶ್ಮಾಯೇಲರ ಶಿಷ್ಯರು ಮರಣದಂಡನೆಗೆ ಗುರಿಯಾದ ಹೆಣ್ಣೊಬ್ಬಳ ದೇಹವನ್ನು ಕುದಿಸಿ ಎಣಿಸಿದರಂತೆ, 252 ಸಿಕ್ಕಿತಂತೆ. ಗುರುಗಳು ಹೆಣ್ಣಿಗೆ ನಾಲ್ಕು ಹೆಚ್ಚು ಎಂದು ಸಮಾಧಾನ ಹೇಳಿದರು. ನಿಮ್ಮ ಪ್ರಯೋಗಾಲಯದ ಅಸ್ಥಿಪಂಜರದಲ್ಲಿ 206 ಮೂಳೆ. ನನಗೆ ಇದರಲ್ಲಿ ಇಷ್ಟವಾಗುವುದು ಆ ಶಿಷ್ಯರು. ಗುರುಗಳ ಸಂಖ್ಯೆಯನ್ನು ಪಾತ್ರೆಗೆ ಹಾಕಿ ನೋಡಿದರಲ್ಲ!

ಇವತ್ತಿನವರು ಕೆಲವರು ಮಾಡುವ ಇನ್ನೊಂದು ಕಸರತ್ತಿದೆ. ಮಗು ಹುಟ್ಟಿ ಗಾಳಿಗೆ ಬಂದ ಕೂಡಲೇ ‘ಮುಚ್ಚಿದ್ದು ತೆರೆಯುತ್ತದೆ, ತೆರೆದದ್ದು ಮುಚ್ಚುತ್ತದೆ’ ಎಂದು ತಾಲ್ಮುದಿನ ನಿದ್ದಾ ಭಾಗದಲ್ಲಿದೆ. ನೋಡಿ, ಫೋರಾಮೆನ್ ಓವೇಲ್ ಆಗಲೇ ಗೊತ್ತಿತ್ತು ಎನ್ನುತ್ತಾರೆ. ಭ್ರೂಣದ ಹೃದಯದ ಎರಡು ಮೇಲ್ಕೋಣೆಗಳ ನಡುವಿನ ಆ ಕಿಂಡಿ, ಮೊದಲ ಉಸಿರಿನೊಂದಿಗೆ ಒತ್ತಡ ಬದಲಾಗಿ ಮುಚ್ಚಿಕೊಳ್ಳುವುದನ್ನು ನೀವೇ ಎಷ್ಟು ಬಾರಿ ಬೋರ್ಡಿನ ಮೇಲೆ ಬರೆದಿದ್ದೀರೋ. ಆದರೆ ಹಳಬರು ಹೇಳಿದ್ದು ಬಾಯಿ ಮತ್ತು ಹೊಕ್ಕುಳ ಬಗ್ಗೆ, ಪಕ್ಕದ ಸಾಲಿನಲ್ಲೇ ಅದಿದೆ. ಅಲ್ಲದೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಆ ಕಿಂಡಿ ಪೂರ್ತಿ ಮುಚ್ಚಿರುವುದೇ ಇಲ್ಲ. ಹೆಚ್ಚಿನವರಿಗೆ ಅದು ತಿಳಿಯುವುದೂ ಇಲ್ಲ, ಆರಾಮಾಗಿ ಓಡಾಡಿಕೊಂಡಿರುತ್ತಾರೆ.

12ನೇ ಶತಮಾನದ ಯಹೂದಿ ಪಂಡಿತ ಮೈಮೊನಿಡಿಸ್ ದಾರಿ ಬೇರೆ. ಆತ ಕಸುಬಿನಿಂದಲೇ ವೈದ್ಯ. ಮನೆ ನಡೆಸುತ್ತಿದ್ದ ತಮ್ಮ ದಾವೀದ್, ವ್ಯಾಪಾರಕ್ಕೆ ನಮ್ಮ ಕಡೆಯ ಸಮುದ್ರಕ್ಕೆ ಹೊರಟು ಹಡಗು ಮುಳುಗಿ ಸತ್ತ. ಅಣ್ಣ ಒಂದು ವರ್ಷ ಹಾಸಿಗೆ ಹಿಡಿದ. ಆಮೇಲೆ ವೈದ್ಯಕೀಯವೇ ಹೊಟ್ಟೆಪಾಡಾಯಿತು. (ಅದಕ್ಕೂ ಕೆಲವು ದಶಕ ಹಿಂದೆ ಇದೇ ಸಮುದ್ರ ವ್ಯಾಪಾರದ ಜಾಲದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ನಮ್ಮ ಮಂಗಳೂರಿನಲ್ಲಿ ಮನೆ ಮಾಡಿಕೊಂಡು ಕಂಚಿನ ಕಾರ್ಖಾನೆ ನಡೆಸುತ್ತಿದ್ದ. ಅವನ ಕಾಗದಗಳೂ ದಾವೀದನ ಒಂದು ಕಾಗದವೂ ಈಜಿಪ್ಟಿನ ಹಳೆ ಕಾಗದದ ರಾಶಿಯಲ್ಲಿ ಸಿಕ್ಕಿವೆ.) ಈ ವೈದ್ಯ ತನ್ನ ಧರ್ಮಸಂಹಿತೆಯಲ್ಲಿ ಬರೆಯುವುದು ಹೀಗೆ: ಸೃಷ್ಟಿಯನ್ನು ಧ್ಯಾನಿಸಿದವನಿಗೆ ಮೊದಲು ದೇವರ ಮೇಲೆ ಪ್ರೀತಿ ಉಕ್ಕುತ್ತದೆ, ಮರುಗಳಿಗೆಯೇ ತಾನೆಷ್ಟು ಚಿಕ್ಕವನು ಎಂದು ಹಿಂಜರಿಯುತ್ತಾನೆ. ನೋಡುವುದರಿಂದ ನೋಡುವವನಿಗೇ ಏನಾಗುತ್ತದೆ ಎಂಬುದು ಆತನ ಮಾತು.

ಆಶೆರ್ ಯಾತ್ಸರ್ ಕೂಡ ನನ್ನ ಮಟ್ಟಿಗೆ ಈ ಸಾಲಿನದು. ವಾದ ಹೂಡುವವರು ಕಣ್ಣನ್ನೋ ಮಿದುಳನ್ನೋ ಆರಿಸುತ್ತಾರೆ, ಕರುಳನ್ನಲ್ಲ. ದೇಹ ಎಷ್ಟು ಚೆನ್ನಾಗಿದೆ ಎಂದು ಇದು ಹೊಗಳುವುದಿಲ್ಲ, ಎಷ್ಟು ಸುಲಭವಾಗಿ ಕೆಟ್ಟುಹೋಗಬಹುದು ಎನ್ನುತ್ತದೆ. ಡಾರ್ವಿನ್ ಓದಿದವನ ಮೂತ್ರವೂ ಕಟ್ಟಿಕೊಳ್ಳಬಹುದು, ಮೇಷ್ಟ್ರೇ.

ಹಾಗೆ ಕಟ್ಟಿಕೊಂಡದ್ದು ನಮ್ಮ ತಂದೆಯವರಿಗೆ. ದೇವರನ್ನು ನಂಬಿದವರಲ್ಲ, ಮನೆಯಲ್ಲಿ ಪೂಜೆ ನಡೆಯುವಾಗ ಪೇಪರ್ ಓದುತ್ತಿದ್ದವರು. ಪ್ರಾಸ್ಟೇಟ್ ಊದಿ, ರಾತ್ರಿ ಎರಡು ಗಂಟೆಗೆ ಕಿಬ್ಬೊಟ್ಟೆ ಕಲ್ಲಾಗಿತ್ತು. ಆಟೋದಲ್ಲಿ ಕೂರಲಾರದೆ ನಿಂತಂತೆಯೇ ಬಾಗಿಕೊಂಡು ಬಂದರು. ಕ್ಯಾತಿಟರ್ ಹಾಕಿದ ಮೇಲೆ ಮಂಚದ ಪಕ್ಕ ಚೀಲ ತುಂಬುತ್ತಿದ್ದುದನ್ನು ನಾವಿಬ್ಬರೂ ಮಾತಿಲ್ಲದೆ ನೋಡಿದೆವು. ದಿನಕ್ಕೆ ಸುಮಾರು 180 ಲೀಟರ್ ಸೋಸಿ ಒಂದೂವರೆ ಲೀಟರ್ ಹೊರಗೆ ಕಳಿಸುವ ಮೂತ್ರಪಿಂಡದ ಪಾಠ ನನಗೂ ಪರೀಕ್ಷೆಗೆ ಬಂದಿತ್ತು; ಆ ಚೀಲದ ಮೇಲಿನ ಗೀಟುಗಳನ್ನು ಎಣಿಸಿದ್ದು ಅವತ್ತೇ. ನಾಲ್ಕನೇ ದಿನ ಕೊಳವೆ ತೆಗೆದು, ನರ್ಸು ಅಳತೆಯ ಜಗ್ ಕೈಗೆ ಕೊಟ್ಟು, ‘ಹೋಗಿ ಬಂದು ಹೇಳಿ ತಾತ’ ಅಂದರು. ಮುಕ್ಕಾಲು ಗಂಟೆ ಬಿಟ್ಟು ಬಚ್ಚಲ ಬಾಗಿಲು ತೆರೆಯಿತು. ಗೋಡೆ ಹಿಡಿದು ಹೊರಬಂದವರು ಇಡೀ ವಾರ್ಡಿಗೆ ಕೇಳುವಂತೆ, ‘ಇನ್ನೂರು ಎಂಎಲ್!’ ಎಂದು ಸಾರಿದರು. ಪಕ್ಕದ ಮಂಚದವರು ಚಪ್ಪಾಳೆ ತಟ್ಟಿದರು.

ಕಡೆಯದಾಗಿ ಒಂದು ತಿದ್ದುಪಡಿ. ಕಳೆದ ಸಂಚಿಕೆಯಲ್ಲಿ ಈ ಪ್ರಾರ್ಥನೆಯ ಕೊನೆಯ ಸಾಲು ‘ರೋಗಿಗಳನ್ನು ಗುಣಪಡಿಸುವವನೇ’ ಎಂದು ಅಚ್ಚಾಗಿತ್ತು. ಶ್ಮುಯೆಲರ ತಕರಾರು ನಮಗೂ ಅನ್ವಯಿಸುತ್ತದೆ. ಓದುಗರು ‘ಸಕಲ ಶರೀರವನ್ನು ಗುಣಪಡಿಸುವವನೇ, ಅಚ್ಚರಿ ಎಸಗುವವನೇ’ ಎಂದು ತಿದ್ದಿಕೊಳ್ಳಬೇಕಾಗಿ ಕೋರಿಕೆ.

ಸಂ.