ಪಕ್ಕದ ಸೀಟಿನ ಬ್ರೇಕು

ನನ್ನ ಬಳಿ ಸಲಹೆಗೆ ಮೊದಲು ಬಂದವರು ಮಗಳು. “ಅಪ್ಪನ ಕಾರಿನ ಕೀ ಬಚ್ಚಿಡೋದು ಸರೀನಾ, ತಪ್ಪಾ? ಅಷ್ಟು ಹೇಳಿ ಮೇಡಂ, ಸಾಕು” ಎಂದರು. ತಂದೆಗೆ 71 ವರ್ಷ. ಆಲ್ಝೈಮರ್ ಬಗೆಯ ಡಿಮೆನ್ಶಿಯಾ, ಅಂದರೆ ನೆನಪು, ಯೋಚನೆ ಕುಂದುತ್ತಾ ಹೋಗುವ ಕಾಯಿಲೆ, ಎಂದು ಗೊತ್ತಾಗಿ ಎಂಟು ತಿಂಗಳಾಗಿತ್ತು. ಬೇರೆ ಊರಿನಲ್ಲಿರುವ ಅಣ್ಣ, “ಫೋನಲ್ಲಿ ಅಪ್ಪ ಚೆನ್ನಾಗೇ ಮಾತಾಡ್ತಾರಲ್ಲ, ನಿಂದೇ ಅತಿಯಾಯ್ತು” ಎಂದು ತಂಗಿಯ ಮೇಲೆ ರೇಗುತ್ತಿದ್ದರಂತೆ. ತಾಯಿ ಯಾರ ಪರವೂ ಮಾತಾಡುತ್ತಿರಲಿಲ್ಲ. (ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಕೀ ವಿಷಯಕ್ಕೆ ಉತ್ತರ ಕೊಡದೆ, ಮುಂದಿನ ಸಲ ಅಮ್ಮನನ್ನು ಕರೆತನ್ನಿ ಎಂದೆ.

ಅಮ್ಮ ಬಂದವರೇ ಗಂಡನ ಪರ ನಿಂತರು. “ಕಾಯಿಲೆ ಇರೋದು ನಿಜ. ಆದ್ರೆ ಗಾಡಿ ಚೆನ್ನಾಗೇ ಓಡಿಸ್ತಾರೆ. ನಾನು ಪಕ್ಕದಲ್ಲಿ ಇದ್ದೇ ಇರ್ತೀನಲ್ಲ.” ಹೋದ ವಾರ ಹೋಗಿಬಂದದ್ದನ್ನು ಗೇಟಿನಿಂದ ಶುರುಮಾಡಿ ಹೇಳಿ ಎಂದೆ. “ಸಿಗ್ನಲ್ ಹತ್ರ ‘ಕೆಂಪು ಬಂತು’ ಅಂತೀನಿ, ನಿಲ್ಲಿಸ್ತಾರೆ. ‘ಹಸಿರು’ ಅಂತೀನಿ, ಹೊರಡ್ತಾರೆ. ಎದುರಿಂದ ಗಾಡಿ ಬರ್ತಿರುವಾಗ ತಿರುಗಿಸೋಕೆ ಹೋದ್ರೆ ‘ತಾಳಿ ತಾಳಿ’ ಅಂತೀನಿ...” ಹೇಳುತ್ತಾ ಹೇಳುತ್ತಾ ಅವರ ಬಲಗಾಲು ನೆಲವನ್ನು ಬಲವಾಗಿ ಒತ್ತುತ್ತಿತ್ತು. ಅವರಿಗೆ ಡ್ರೈವಿಂಗ್ ಬರುವುದಿಲ್ಲ, ಯಾವತ್ತೂ ಕಲಿತವರಲ್ಲ.

“ಕಾಲು ಏನು ಮಾಡ್ತಿದೆ ನೋಡಿ” ಎಂದೆ. ಬಗ್ಗಿ ನೋಡಿಕೊಂಡರು. ಸ್ವಲ್ಪ ಹೊತ್ತಾದ ಮೇಲೆ, “ಮನೆಗೆ ಬಂದ್ಮೇಲೆ ಈ ಮಂಡೀನೇ ನೋಯೋದು” ಎಂದರು.

ಇಂಥ ಮನೆಗಳಲ್ಲಿ ಸ್ಟೀರಿಂಗ್ ಒಬ್ಬರ ಕೈಯಲ್ಲಿರುತ್ತದೆ, ಡ್ರೈವಿಂಗ್ ಇನ್ನೊಬ್ಬರ ತಲೆಯಲ್ಲಿ ನಡೆಯುತ್ತಿರುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಆದರೆ ಮಗು ಅಡ್ಡ ಓಡಿಬಂದಾಗ ‘ತಾಳಿ’ ಎಂಬ ಮಾತು ಕಿವಿ ಮುಟ್ಟಿ, ಅರ್ಥವಾಗಿ, ಕಾಲಿಗಿಳಿಯುವಷ್ಟು ಸಮಯ ಇರುವುದಿಲ್ಲ. ಅಮೆರಿಕನ್ ಅಕಾಡೆಮಿ ಆಫ್ ನ್ಯೂರಾಲಜಿ 2010ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ನನಗೆ ಬಹಳ ಉಪಯೋಗಕ್ಕೆ ಬಂದಿರುವ ಮಾತೊಂದಿದೆ: ‘ನಾನು ಸುರಕ್ಷಿತವಾಗಿ ಓಡಿಸುತ್ತೇನೆ’ ಎಂದು ರೋಗಿಯೇ ಹೇಳಿದರೆ ಅದನ್ನು ನಂಬಿಕೊಳ್ಳುವಂತಿಲ್ಲ, ‘ಅಪಾಯ’ ಎಂದು ನೋಡಿಕೊಳ್ಳುವವರು ಹೇಳಿದರೆ ಅದಕ್ಕೆ ಬೆಲೆಯಿದೆ. ಈ ಮನೆಯಲ್ಲಿ ಹೇಳಬೇಕಾದವರು ಇನ್ನೂ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

ಹಾಗೆಂದು ಡಿಮೆನ್ಶಿಯಾ ಎಂದು ಚೀಟಿ ಬರೆದ ದಿನವೇ ಕೀ ಕಿತ್ತುಕೊಳ್ಳಬೇಕು ಎಂದಲ್ಲ. ತೀರಾ ಆರಂಭದ ಹಂತದಲ್ಲಿ ಕೆಲವರು ಸ್ವಲ್ಪ ಕಾಲ ಓಡಿಸಬಲ್ಲರು. ಸುಮಾರು ಆರು ತಿಂಗಳಿಗೊಮ್ಮೆ ಮತ್ತೆ ಪರೀಕ್ಷಿಸುತ್ತಾ ಇರಬೇಕು. ಡಿಮೆನ್ಶಿಯಾದಲ್ಲೇ ಬೇರೆ ಬಗೆಗಳಿವೆ: ಲೂಯಿ ಬಾಡಿ ಬಗೆಯಲ್ಲಿ ಇಲ್ಲದ್ದು ಕಾಣಿಸುವುದು, ಫ್ರಂಟೊಟೆಂಪೊರಲ್ ಬಗೆಯಲ್ಲಿ ನೆನಪು ಚೆನ್ನಾಗಿದ್ದೂ ದುಡುಕುವುದು ಉಂಟು. ಅಲ್ಲಿ ಅಷ್ಟು ಕಾಯುವಂತಿಲ್ಲ. ಈ ತಂದೆಯನ್ನು ನರರೋಗ ತಜ್ಞರ ಮೂಲಕ ರಸ್ತೆಯ ಮೇಲಿನ ಪರೀಕ್ಷೆಗೆ ಕಳಿಸಿದೆವು. ಪಕ್ಕದಲ್ಲಿ ಹೆಂಡತಿ ಇರಬಾರದು ಎಂದು ಮೊದಲೇ ಹೇಳಿದ್ದೆ. ಪರೀಕ್ಷಕರು ಎರಡು ಸಲ ತಮ್ಮ ಕಡೆಯ ಬ್ರೇಕ್ ಒತ್ತಬೇಕಾಯಿತು.

ಮಗನಿಗೆ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿದೆ: “ನಿಮ್ಮ ಮಗಳನ್ನ ಅವರ ಕಾರಲ್ಲಿ ಒಬ್ಬಳನ್ನೇ ಕಳಿಸ್ತೀರಾ?” ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ.

ಮನೆಯವರಿಗೆ ನಾನು ಒತ್ತಿ ಹೇಳಿದ್ದು, ವಾದಕ್ಕೆ ಇಳಿಯಬೇಡಿ ಎಂದು. “ಐವತ್ತು ವರ್ಷ ಓಡಿಸಿದ್ದೀನಿ, ಒಂದು ಗೀರು ಬಿದ್ದಿಲ್ಲ” ಎನ್ನುವಾಗ ಅಪ್ಪ ಹಟ ಮಾಡುತ್ತಿಲ್ಲ. ತಪ್ಪಾದದ್ದನ್ನು ಗುರುತಿಸುವ ಶಕ್ತಿಗೇ ಈ ಕಾಯಿಲೆ ಕೈಹಾಕುತ್ತದೆ. ಸಾಕ್ಷಿ ಮುಂದಿಟ್ಟಷ್ಟೂ ಅವಮಾನವೇ ಬೆಳೆಯುತ್ತದೆ. ಬೇಡ ಎನ್ನುವ ಹೊಣೆ ವೈದ್ಯರ ಮೇಲಿರಲಿ. “ಇನ್ನು ವಾಹನ ಚಲಾಯಿಸಬಾರದು” ಎಂದು ಅವರ ಲೆಟರ್‌ಹೆಡ್ಡಿನಲ್ಲೇ ಬರೆಸಿಕೊಂಡರು. ಕೇಳಿದಾಗಲೆಲ್ಲ ಆ ಕಾಗದ ತೋರಿಸಿ, “ಡಾಕ್ಟರ್ ಬೇಡ ಅಂದಿದ್ದಾರೆ. ಬನ್ನಿ ಅಪ್ಪ, ನಾನು ಕರ್ಕೊಂಡು ಹೋಗ್ತೀನಿ” ಎನ್ನಬೇಕು, ಅಷ್ಟಕ್ಕೇ ನಿಲ್ಲಿಸಬೇಕು. ಲೈಸೆನ್ಸ್ ಮತ್ತು ವಿಮೆಯವರಿಗೆ ತಿಳಿಸುವ ನಿಯಮ ಒಂದೊಂದು ಕಡೆ ಒಂದೊಂದು ಥರ, ಅದನ್ನು ವಿಚಾರಿಸುವ ಕೆಲಸ ಮಗನ ಪಾಲಿಗೆ ಬಂತು.

ಮಗಳು ನನ್ನನ್ನು ಕೇಳದೆ ಒಂದು ಸುಳ್ಳು ಹೇಳಿದ್ದರು, ಕಾರು ಕೆಟ್ಟಿದೆ ಎಂದು. ಅಪ್ಪ ನೇರ ಮೆಕ್ಯಾನಿಕ್‌ಗೆ ಫೋನ್ ಮಾಡಿದರು! ನೆನಪು ಅರ್ಧ ಉಳಿದಿರುವಾಗ ಸುಳ್ಳು ಬಾಳುವುದಿಲ್ಲ. ನಾನೂ ಒಂದು ತಪ್ಪು ಮಾಡಿದೆ. ಕೀ ಮಾತ್ರ ತೆಗೆದಿಡಿ, ಕಾರು ಇದ್ದಲ್ಲೇ ಇರಲಿ ಎಂದಿದ್ದೆ. ಬೆಳಗೆದ್ದು ಒದ್ದೆ ಬಟ್ಟೆಯಲ್ಲಿ ಕಾರು ಒರೆಸುವುದು ಅವರ ಹಳೆಯ ರೂಢಿ. ಒರೆಸಿ ಮುಗಿದ ಕೂಡಲೇ ಕೈ ಜೇಬಿಗೆ ಹೋಗುತ್ತಿತ್ತು, ಕೀ ಸಿಗುತ್ತಿರಲಿಲ್ಲ, ಜಗಳ ಶುರು. ಮೂರು ವಾರ ಆ ಮನೆ ನರಕವಾಯಿತು. ಕಣ್ಣಿಗೆ ಬೀಳದ ಕಡೆ ಕಾರು ಹೋದ ಮೇಲೆ ಕೇಳುವುದು ಕಡಿಮೆಯಾಯಿತು.

ಅವರೊಂದಿಗೆ ಒಬ್ಬಳೇ ಕೂತ ದಿನ, “ಇನ್ಮೇಲೆ ನನ್ನನ್ನ ಸಾಮಾನು ಸಾಗಿಸಿದ ಹಾಗೆ ಸಾಗಿಸ್ತೀರಿ, ಅಲ್ವೇನ್ರೀ?” ಎಂದರು. ಬಾಡಿಗೆ ಕಾರು ಸಿಗುತ್ತದಲ್ಲ ಎಂಬ ಸಮಾಧಾನ ಅಲ್ಲಿ ನಡೆಯುವುದಿಲ್ಲ. “ಹೌದು, ಇದು ದೊಡ್ಡ ನಷ್ಟ” ಎಂದೆ. ಕಾರು ಬಿಟ್ಟವರಲ್ಲಿ ಖಿನ್ನತೆ ಹೆಚ್ಚುವುದು ಅಧ್ಯಯನಗಳಲ್ಲೂ ಕಂಡಿದೆ. ಊಟ, ನಿದ್ದೆ, ಮಾತು ಕಡಿಮೆಯಾದರೆ ಕಾಯದೆ ವೈದ್ಯರಿಗೆ ಹೇಳಿ ಎಂದು ಮಗಳಿಗೆ ತಿಳಿಸಿದೆ.

ಆಮೇಲೆ ಅವರು ಎಲ್ಲೆಲ್ಲಿ ಹೋಗುತ್ತಿದ್ದರು ಎಂದು ಪಟ್ಟಿ ಮಾಡಿಸಿದೆ. ಔಷಧಿ ಮನೆಗೇ ತರಿಸಬಹುದಾಗಿತ್ತು. ಗೆಳೆಯನ ಮನೆ ಹಾಗಲ್ಲ. ಅದಕ್ಕೆ ಪ್ರತಿ ಗುರುವಾರ ಸಂಜೆ ಮಗಳ ಕಾರು ಎಂದು ಗೊತ್ತುಮಾಡಿದೆವು. ಹೊರಡುವ ಮುಂಚೆ ಗಾಜು ಒರೆಸುವ ಕೆಲಸ ಅಪ್ಪನದೇ.

ಕೊನೆಯ ಭೇಟಿಗೆ ಅಮ್ಮ ಒಬ್ಬರೇ ಬಂದಿದ್ದರು. ಹೋದ ಗುರುವಾರ ಹಿಂದಿನ ಸೀಟಿನಲ್ಲಿ ಕೂತಿದ್ದರಂತೆ. “ಅರ್ಧ ದಾರೀಲೇ ನಿದ್ದೆ ಬಂದ್ಬಿಡ್ತು ಮೇಡಂ. ಎಬ್ಬಿಸಿದವರು ಅವರೇ.”